‘ಬರೀ ಆಸಿಡ್’ ಅಂದವರಿಂದ ಕೆಮಿಕಲ್ ಹೆಸರು ಬರೆಸಿಕೊಂಡದ್ದು

ನಾನು ಪೀಣ್ಯದ ಒಂದು ಪ್ಲೇಟಿಂಗ್ ಶಾಪ್‌ನಲ್ಲಿ, ಲೋಹಕ್ಕೆ ಗಟ್ಟಿ ಕ್ರೋಮ್ ಲೇಪ ಹಾಕುವ ಹಾರ್ಡ್ ಕ್ರೋಮ್ ಟ್ಯಾಂಕ್ ಮೇಲೆ ಕಾಂಟ್ರಾಕ್ಟ್ ಕೆಲಸಗಾರನಾಗಿದ್ದೆ. ಸೇರಿದಾಗ ಸಿಕ್ಕ ತರಬೇತಿ ಇಷ್ಟೇ: "ಬರೀ ಆಸಿಡ್ ಕಣೋ, ಬಿದ್ರೆ ನೀರು ಹಾಕ್ಕೋ."

ಕರೆಂಟ್ ಕೊಟ್ಟರೆ ಟ್ಯಾಂಕಿನಿಂದ ಹಳದಿ ಮಂಜು ಏಳುತ್ತದೆ. ಕೆಲವು ತಿಂಗಳಲ್ಲಿ ಬೆರಳಿನ ಗೆಣ್ಣಿನ ಹತ್ತಿರ ಸಣ್ಣ, ಗುಂಡಗಿನ ಹುಣ್ಣಾದವು. ಅಂಚು ದಪ್ಪ, ನಡುವೆ ಗುಳಿ. ನೋವು ಅಷ್ಟಿಲ್ಲ, ಅದೇ ಮೋಸ. ಮೂಗಿನೊಳಗೆ ರಕ್ತದ ಹಕ್ಕಳೆ ಕಟ್ಟುತ್ತಿತ್ತು. "ಎಲ್ಲರಿಗೂ ಆಗುತ್ತೆ" ಅಂದರು ಹಳಬರು. ಎಲ್ಲರಿಗೂ ಆಗುತ್ತೆ ಅಂದ್ರೆ ಕೆಲಸದಿಂದಲೇ ಬರ್ತಿದೆ ಅಂತ ಅಲ್ವಾ?

ಹೆಸರೇ ಗೊತ್ತಿಲ್ಲದಿದ್ದರೆ ಡಾಕ್ಟರಿಗೆ, ಇಲಾಖೆಗೆ ಏನಂತ ಹೇಳೋದು? ಸ್ಟೋರ್‌ನಲ್ಲಿದ್ದ ಡ್ರಮ್ಮಿನ ಲೇಬಲ್ ಅರ್ಧ ಹರಿದಿತ್ತು. ಉಳಿದ ಅರ್ಧದಲ್ಲಿ ಕೆಂಪು ಚೌಕಟ್ಟಿನೊಳಗೆ ಎದೆ ಒಡೆದಂತಿರುವ ಮನುಷ್ಯನ ಚಿತ್ರ, ಕೆಳಗೆ 1333-82-0 ಅನ್ನೋ ನಂಬರ್. ಅದು ಸಿಎಎಸ್ ನಂಬರ್, ಅಂದ್ರೆ ಒಂದೊಂದು ಕೆಮಿಕಲ್‌ಗೂ ಇರುವ ಗುರುತಿನ ನಂಬರ್. ಮಾರುವವರು ಯಾವ ಹೆಸರಿಟ್ಟರೂ ಅದು ಬದಲಾಗಲ್ಲ. ಫೋನಿನಲ್ಲಿ ಹುಡುಕಿದೆ: ಕ್ರೋಮಿಯಂ ಟ್ರೈಆಕ್ಸೈಡ್. ಚರ್ಮದಲ್ಲಿ ಹುಣ್ಣು, ಮೂಗಿನ ನಡುಗೋಡೆಗೆ ತೂತು, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್.

ಸೂಪರ್‌ವೈಸರ್ ಹತ್ತಿರ ಇದರ ಸುರಕ್ಷತಾ ಮಾಹಿತಿ ಪತ್ರ, ಅಂದ್ರೆ ಎಸ್‌ಡಿಎಸ್ ಕೇಳಿದೆ. "ಅದು ಕಂಪನಿ ಸೀಕ್ರೆಟ್, ಕಾಂಟ್ರಾಕ್ಟ್‌ನವನಿಗೆ ಯಾಕೆ?" ಎರಡೂ ಸುಳ್ಳು. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 41ಬಿ ಕಲಂ ಸೇರಿಸಿದರು. ಅಪಾಯಕಾರಿ ಕೆಲಸವಿರುವ ಕಾರ್ಖಾನೆ ಆರೋಗ್ಯದ ಅಪಾಯವನ್ನು ಕೆಲಸಗಾರರಿಗೆ ತಿಳಿಸಲೇಬೇಕು. ಆ ಕಾಯ್ದೆಯಲ್ಲಿ ಕಾಂಟ್ರಾಕ್ಟ್‌ನವನೂ ಕೆಲಸಗಾರನೇ.

ಬಾಯಿಮಾತು ಬಿಟ್ಟೆ. ಕನ್ನಡದಲ್ಲೇ ಅರ್ಧ ಪುಟ ಬರೆದೆ. ಎಸ್‌ಡಿಎಸ್ ಕೊಡಿ, ಗಾಳಿಯಲ್ಲಿ ಕೆಮಿಕಲ್ ಎಷ್ಟಿದೆ ಅಂತ ಅಳೆದ ವರದಿ ಕೊಡಿ, ನನ್ನ ಆರೋಗ್ಯ ತಪಾಸಣೆ ದಾಖಲೆ ಕೊಡಿ. ಕೆಳಗೆ 41ಬಿ, 41ಸಿ, 111ಎ ಅಂತ ಕಲಂ ಹಾಕಿದೆ. ಜೊತೆಯವರೂ ಸಹಿ ಹಾಕಿದರು. ಒಬ್ಬನೇ ಬರೆದರೆ ಒಬ್ಬನನ್ನೇ ಹಿಡಿಯೋದು ಸುಲಭ. ಆಫೀಸಿನಲ್ಲಿ ನಕಲಿಗೆ ಸೀಲು ಹಾಕಲಿಲ್ಲ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ.

ಇಎಸ್‌ಐ ಆಸ್ಪತ್ರೆಯ ಚೀಟಿಯಲ್ಲಿ ಮೊದಲು ‘ಚರ್ಮದ ಅಲರ್ಜಿ’ ಅಂತಿತ್ತು. ಮತ್ತೆ ಹೋಗಿ ಕೆಮಿಕಲ್ ಹೆಸರು ತೋರಿಸಿದೆ, ನನ್ನ ಕೆಲಸ ಏನು ಅಂತಲೂ ಬರೆಯಿರಿ ಅಂದೆ. ಡಾಕ್ಟರು ಟಾರ್ಚ್ ಹಾಕಿ ಮೂಗು ನೋಡಿದರು, ಕಿವಿ-ಮೂಗಿನ ವಿಭಾಗಕ್ಕೆ ಕಳಿಸಿದರು. ಕ್ರೋಮ್ ಹುಣ್ಣು ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ಇರುವ ಕಾಯಿಲೆ. ಅನುಮಾನ ಬಂದರೆ ಡಾಕ್ಟರೇ ಮುಖ್ಯ ಇನ್‌ಸ್ಪೆಕ್ಟರಿಗೆ ವರದಿ ಕಳಿಸಬೇಕು. ಅಲರ್ಜಿ ಅಂತ ಬರೆದರೆ ಆ ದಾರಿಯೇ ಮುಚ್ಚುತ್ತದೆ.

ಕಂಪನಿಯಿಂದ ಉತ್ತರ ಬರಲಿಲ್ಲ. ಎಲ್ಲದರ ನಕಲು ಸೇರಿಸಿ ಕಾರ್ಖಾನೆಗಳ ಇಲಾಖೆಗೆ ದೂರು ಕೊಟ್ಟೆ. ದೂರು ಯಾರದ್ದು ಅಂತ ಇನ್‌ಸ್ಪೆಕ್ಟರು ಹೇಳುವಂತಿರಲಿಲ್ಲ, ಆ ಕಾಯ್ದೆಯಲ್ಲಿ 118ಎ ಕಲಂ ಇತ್ತು. ನಿಜ ಹೇಳಬೇಕಂದ್ರೆ ಸಣ್ಣ ಶಾಪ್‌ನಲ್ಲಿ ಊಹಿಸೋದು ಕಷ್ಟವಲ್ಲ. ತಪಾಸಣೆ ಆಯಿತು. ಟ್ಯಾಂಕ್ ಅಂಚಿನ ಎಕ್ಸಾಸ್ಟ್ ರಿಪೇರಿಯಾಯಿತು, ಉದ್ದ ತೋಳಿನ ಗ್ಲೌಸ್ ಬಂತು, ಎಸ್‌ಡಿಎಸ್ ಗೋಡೆಗೆ ಬಂತು. ನನ್ನನ್ನು ಪ್ಯಾಕಿಂಗ್‌ಗೆ ಹಾಕಿದರು, ಓಟಿ (ಓವರ್‌ಟೈಮ್) ಹೋಯಿತು. ಮೂಗು ಉಳಿಯಿತಲ್ಲ, ಸಾಕು.

2025ರ ನವೆಂಬರ್ 21ರಿಂದ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಮಾಹಿತಿ ಕೇಳುವ ಹಕ್ಕು ಅದರಲ್ಲೂ ಇದೆ. ಈಗ ಬರೆಯುವವರು ಹಳೆಯ ಕಲಂ ನಂಬರ್ ಹಾಕಬೇಡಿ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಅನ್ನಿಸಿಕೊಳ್ಳಲು ಈಗ 20 ಜನ ಬೇಕು, ಹಿಂದೆ 10 ಸಾಕಿತ್ತು. ಸಣ್ಣ ಶಾಪ್‌ನ ಕೆಲಸಗಾರರಿಗೆ ಇದು ಒಳ್ಳೆಯದಲ್ಲ ಅಂತ ನನ್ನ ಲೆಕ್ಕ.

ಇಂಥ ಕಾಯಿಲೆ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ಬರಬಹುದು. 1995ರಲ್ಲಿ ಆಸ್ಬೆಸ್ಟಾಸ್ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಅಂದದ್ದು ಇದೇ ಕಾರಣಕ್ಕೆ. ಕೆಲಸ ಬಿಡುವಾಗ ಪಿಎಫ್ ಕಾಗದದ ಜೊತೆ ತಪಾಸಣೆ ವರದಿಯ ನಕಲನ್ನೂ ಕೇಳಿ. ಅದು ಕೈಗೆ ಬರುವ ತನಕ ಸೆಟ್ಲ್‌ಮೆಂಟ್‌ಗೆ ಸಹಿ ಹಾಕಬೇಡಿ.