ದಕ್ಷಿಣ ಕೊರಿಯಾದ ಸುವೊನ್‌ನಲ್ಲಿ ಊಟ, ಹಾಡು, ಕನ್ನಡ ಮೂರೂ ಒಂದೇ ರೂಮಿನಲ್ಲಿ: ನನ್ನ ಅನುಭವ

"ಹುಚ್ಚ ಹಿಡದೇತೇನಲೇ ನಿಂಗ? ಕೊರಿಯಾದಾಗ, ಅದೂ ಊಟದ ಹೋಟೆಲ್‌ನ್ಯಾಗ ಕನ್ನಡ ಹಾಡ ಹಚ್ಚತಾನಂತ!" ಅಂತ ನಮ್ಮ ಧಾರವಾಡದ ಗೆಳೆಯ ನಕ್ಕಿದ್ದು 2024ರ ಏಪ್ರಿಲ್‌ನಲ್ಲಿ. ಅಕ್ಟೋಬರ್‌ನಲ್ಲಿ ಅದೇ ಮನುಷ್ಯ ಟ್ಯಾಂಬರಿನ್ ಹಿಡಿದು ನಮ್ಮಪ್ಪನ ಪಕ್ಕ ಕುಣೀತಿದ್ದ. ವಿಡಿಯೋ ನನ್ನ ಹತ್ರ ಇದೆ. ಕೇಳಿದವರಿಗೆಲ್ಲ ತೋರಿಸ್ತೀನಿ.

ನೊರೇಬಾಂಗ್ ಅಂದರೆ ರೂಮು ಬಾಡಿಗೆಗೆ ಹಿಡಿದು ಹಾಡೋ ಕರೋಕೆ ಜಾಗ, ಕೊರಿಯಾದಲ್ಲಿರೋರಿಗೆ ಹೇಳಬೇಕಿಲ್ಲ. ನಮ್ಮ ಕಷ್ಟವೂ ಎಲ್ಲರಿಗೂ ಗೊತ್ತು. ಮೆಷಿನ್ನಿನಲ್ಲಿ ಕೊರಿಯನ್ ಹಾಡು ಸಾವಿರಗಟ್ಟಲೆ ಇದೆ, ಇಂಗ್ಲಿಷ್, ಜಪಾನಿ, ಚೀನಿ ಇದೆ, ಕನ್ನಡ ಸೊನ್ನೆ. ಹಾಡೋ ಜಾಗದಲ್ಲಿ ಊಟ ಇಲ್ಲ, ಊಟದ ಜಾಗದಲ್ಲಿ ಹಾಡಿಲ್ಲ. ಊಟ ಇದ್ದರೂ ನಮ್ಮ ಸಸ್ಯಾಹಾರಿಗಳಿಗೆ ಅಲ್ಲೇನೂ ಸಿಗಲ್ಲ. ಇವೆಲ್ಲ ಒಂದೇ ಬಾಗಿಲ ಹಿಂದೆ ಕೂಡಿಬರಬೇಕು ಅನ್ನೋದು ನನ್ನ ಹಟ.

ಮೊದಲ ಪ್ರಯೋಗ ಕಾಯಿನ್ ನೊರೇಬಾಂಗ್‌ನಲ್ಲಿ. ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಅವರ ಮೈಕಿನಲ್ಲಿ ಹಾಡಿದರಾಯ್ತು ಅಂದುಕೊಂಡೆ. ಹಾಕಿದ ದುಡ್ಡು ಮುಗೀತಿದ್ದ ಹಾಗೆ ಮೈಕೂ ಸತ್ತುಹೋಯ್ತು, ನಾನಿನ್ನೂ ಎರಡನೇ ಚರಣದಲ್ಲಿದ್ದೆ. ಆಮೇಲೆ ಉಪಾಯ ಹೊಳೀತು: ಅವರ ಪಟ್ಟಿಯಲ್ಲಿ ಯಾವುದಾದರೂ ಉದ್ದದ ಹಾಡು ಹಚ್ಚಿ, ಸಂಗೀತದ ಗುಂಡಿ ಪೂರ್ತಿ ಇಳಿಸಿ, ಮೈಕ್ ಮಾತ್ರ ಬಿಟ್ಟುಕೊಳ್ಳೋದು. ಕೆಲಸ ಮಾಡ್ತು, ಆದರೆ ಆ ರೂಮಿನಲ್ಲಿ ಮೂರು ಜನ ಕೂತರೆ ನಾಲ್ಕನೆಯವನು ನಿಲ್ಲಬೇಕು. ಐದಾರು ಸಾವಿರ ವಾನ್ ಹೋಯ್ತು.

ಎರಡನೆಯದು ದೊಡ್ಡ ನೊರೇಬಾಂಗ್. ಹದಿನೈದು ಜನರ ರೂಮು, ಗಂಟೆಗೆ 30,000 ವಾನ್. ಹೆಂಡತಿ ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದಳು. ಮುಚ್ಚಳ ತೆಗೆದ ಐದು ನಿಮಿಷಕ್ಕೆ ಮಾಲೀಕರು ಬಾಗಿಲಲ್ಲಿ. ಇಂಗಿನ ವಾಸನೆಗೆ ಪಕ್ಕದ ರೂಮಿನವರು ಗ್ಯಾಸ್ ಸೋರ್ತಿದೆ ಅಂತ ಹೇಳಿದರಂತೆ. ಮಕ್ಕಳು ಮೆಟ್ಟಿಲ ಮೇಲೆ ಕೂತು ತಿಂದವು. ಲ್ಯಾಪ್‌ಟಾಪ್ ವೈರನ್ನು ಅವರ ಆಂಪ್ಲಿಫೈಯರಿಗೆ ಚುಚ್ಚಲು ಬಿಡಲೇ ಇಲ್ಲ. ಬೇರೆಯವರ ಮೆಷಿನ್ನು, ತಪ್ಪು ಅನ್ನಕ್ಕಾಗಲ್ಲ. 60,000 ಕೊಟ್ಟು ಬಂದ್ವಿ. ಇನ್ನೊಂದು ಮಾತು, ನಮ್ಮ ಹುಡುಗರಿಗೆ ಬಿಯರ್ ಇಲ್ಲದೆ ಗಂಟಲು ಏಳಲ್ಲ, ನೊರೇಬಾಂಗ್‌ನಲ್ಲಿ ಮದ್ಯ ಮಾರೋದು ಕಾನೂನಿಗೆ ವಿರುದ್ಧ. ಅದಕ್ಕೇ ಅರ್ಧ ಜನ ಬೇಗ ಎದ್ದುಹೋದರು.

ಮೂರನೆಯದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯತ್ತೆ. ಸೋಲ್‌ನಲ್ಲಿ ಒಂದು ಪಾರ್ಟಿ ರೂಮು, ಐದು ಗಂಟೆಗೆ ಸುಮಾರು 1,80,000 ವಾನ್. ಹೊರಗಿನ ಊಟ ತರಬಹುದು, ಪ್ರೊಜೆಕ್ಟರ್ ಇದೆ. ನಾನು 39,000 ಕೊಟ್ಟು ಬ್ಲೂಟೂತ್ ಮೈಕ್ ಕೊಂಡೆ. ಬಾಯಿಂದ ಹೊರಟ ಅಕ್ಷರ ಸ್ಪೀಕರಿಗೆ ಬರೋ ಹೊತ್ತಿಗೆ ಮುಂದಿನ ಅಕ್ಷರ ಬಾಯಲ್ಲಿರತ್ತೆ. ನಮ್ಮ ಸ್ವರವೇ ಹಿಂದಿನಿಂದ ಬಂದು ನಮ್ಮನ್ನು ಅಣಕಿಸಿದ ಹಾಗೆ. ದಯವಿಟ್ಟು ಯಾರೂ ಆ ಮೈಕ್ ಕೊಳ್ಳಬೇಡಿ. ಇದು ಸಾಲದು ಅಂತ ಬಿಳಿ ಸೋಫಾ ಮೇಲೆ ಸಾಗು ಚೆಲ್ಲಿ ಅರಿಶಿನದ ಕಲೆ, ಡಿಪಾಸಿಟ್ಟಿನಲ್ಲಿ 30,000 ಮುರುಕೊಂಡರು. ಮೂರೂ ಪ್ರಯೋಗ ಸೇರಿ ಮೂರು ಲಕ್ಷ ವಾನ್ ಮೇಲೆ, ಅಂದರೆ ಹದಿನೆಂಟು-ಹತ್ತೊಂಬತ್ತು ಸಾವಿರ ರೂಪಾಯಿ. ಹೆಂಡತಿಗೆ ಹೇಳಿದ್ದು ಒಂಬತ್ತು ಸಾವಿರ.

ದಾರಿ ಸಿಕ್ಕಿದ್ದು ಸುವೊನ್‌ನ ಗ್ವಾಂಗ್‌ಗ್ಯೋಸಾನ್ ಬೆಟ್ಟದಿಂದ ಇಳಿಯುವಾಗ. ಆ ಕಡೆ ಹತ್ತಿದವರು ಇಳಿದು ಬೊರಿಬಾಪ್ ತಿನ್ನದೆ ಮನೆಗೆ ಹೋಗೋ ಪದ್ಧತಿಯೇ ಇಲ್ಲ. ಬಾರ್ಲಿ ಅನ್ನ, ಆರೇಳು ಥರದ ಸೊಪ್ಪು-ಮೊಳಕೆ ಪಲ್ಯ, ಮೇಲೆ ಗೊಚುಜಾಂಗ್ ಅನ್ನೋ ಮೆಣಸಿನಕಾಯಿ ಗೊಜ್ಜು, ಎಳ್ಳೆಣ್ಣೆ, ಎಲ್ಲಾ ಹಾಕಿ ಕಲಸೋದು. ಕೈಯಲ್ಲಿ ಕಲಸಕ್ಕೆ ಬಿಟ್ಟಿದ್ದರೆ ನಮ್ಮ ಊಟವೇ. ಅಂಥದ್ದೊಂದು ಹಳೇ ಹೋಟೆಲಿನಲ್ಲಿ ಕೈ ತೊಳೆಯೋ ಜಾಗ ಹುಡುಕ್ತಾ ಮಹಡಿ ಹತ್ತಿದೆ. ಬೆಚ್ಚಗಿನ ನೆಲದ ಉದ್ದನೆ ಕೋಣೆ, ಗಿಡ್ಡ ಮೇಜುಗಳು. ಮೂಲೆಯಲ್ಲಿ ಹೂವಿನ ಚಾದರ ಹೊದ್ದ ಒಂದು ಗುಡ್ಡೆ. ಚಾದರ ಎತ್ತಿ ನೋಡಿದೆ: ಹಳೇ ಹಾಡಿನ ಮೆಷಿನ್ನು, ಆಂಪ್ಲಿಫೈಯರು, ಎರಡು ಮೈಕು. ಆಂಪ್ಲಿಫೈಯರಿನ ಹಿಂದೆ ಹೊರಗಿನ ಸಂಗೀತ ಒಳಗೆ ಬಿಡೋ ಕೆಂಪು-ಬಿಳಿ ಆರ್‌ಸಿಎ ಸಾಕೆಟ್ ಖಾಲಿ ಕೂತಿತ್ತು. ಅದನ್ನು ನೋಡಿದಾಗ ಆದ ಸಂತೋಷ ಮದುವೆ ಗೊತ್ತಾದಾಗಲೂ ಆಗಿರಲಿಲ್ಲ.

ಕೇಳಿದೆ. "ಆಗಲ್ಲ" ಅಂದರು ಮಾಲಕಿ. ಹೋಟೆಲಿನವರು ಗಿರಾಕಿಗಳ ಕೈಲಿ ಹಾಡಿಸೋ ಹಾಗಿಲ್ಲವಂತೆ, ದಂಡ ಬೀಳತ್ತಂತೆ. ಹಾಗಾದರೆ ಮೆಷಿನ್ ಯಾಕಿದೆ ಅಂದೆ. "ಹ್ವಾಂಗಾಪ್‌ಗೆ" ಅಂದರು, ಅಂದರೆ ಅರವತ್ತು ತುಂಬಿದ ಸಮಾರಂಭಕ್ಕೆ.

ಮನೆಗೆ ಬಂದು ಕೊರಿಯನ್ ಸಹೋದ್ಯೋಗಿಯ ಕೈಲಿ ನಿಯಮ ಓದಿಸಿದೆ. ಮಾಮೂಲಿ ಹೋಟೆಲಿನಲ್ಲಿ ಹಾಡಿಸುವುದು ನಿಷಿದ್ಧ, ನಿಜ. ಆದರೆ ಔತಣದ ಕೋಣೆ ಇರುವ ಹೋಟೆಲಿನಲ್ಲಿ ಅರವತ್ತು, ಎಪ್ಪತ್ತು ತುಂಬಿದಂಥ ಮನೆಯ ಕಾರ್ಯಕ್ಕೆ ವಿನಾಯಿತಿ ಇದೆ.

ನಮ್ಮಪ್ಪ ಹುಟ್ಟಿದ್ದು 1964, ಕ್ರೋಧಿ ಸಂವತ್ಸರ. 2024ರ ಯುಗಾದಿಗೆ ಬಂದಿದ್ದೂ ಕ್ರೋಧಿ. ಅರವತ್ತು ಸಂವತ್ಸರ ಸುತ್ತಿ ಹುಟ್ಟಿದ ಹೆಸರಿಗೇ ಬಂದು ನಿಲ್ಲೋದು ನಮ್ಮ ಷಷ್ಟ್ಯಬ್ದಿ. ಇವರದ್ದೂ ಅದೇ ಲೆಕ್ಕ ಕಣ್ರೀ! 1964 ಗಾಪ್‌ಜಿನ್, ಹಸಿರು-ನೀಲಿ ಡ್ರ್ಯಾಗನ್ ವರ್ಷ, 2024ಕ್ಕೆ ಮತ್ತೆ ಗಾಪ್‌ಜಿನ್. ಹ್ವಾಂಗಾಪ್ ಅಂದರೆ ಆ ಚಕ್ರ ತಿರುಗಿ ಬಂದದ್ದು. ಶಾಂತಿ, ಹೋಮ ಎಲ್ಲ ಜೂನ್‌ನಲ್ಲಿ ಅರಸೀಕೆರೆಯಲ್ಲೇ ಮುಗಿದಿತ್ತು. ಅಪ್ಪ-ಅಮ್ಮ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬರುವವರಿದ್ದರು. ಸುಳ್ಳು ಹೇಳೋ ಪ್ರಮೇಯವೇ ಇರಲಿಲ್ಲ.

ಆದರೂ ಮಾಲಕಿ ಒಂದೇ ಸಲಕ್ಕೆ ಒಪ್ಪಲಿಲ್ಲ. "ಈಗ ಅರವತ್ತನ್ನ ಯಾರು ಮಾಡ್ತಾರೆ, ಎಪ್ಪತ್ತಕ್ಕೆ ಬನ್ನಿ" ಅಂದರು. ಹತ್ತು ವರ್ಷ ಕಾಯೋಕಾಗುತ್ತಾ? ಆಗ ನಾನು ಬ್ರಹ್ಮಾಸ್ತ್ರ ಬಿಟ್ಟೆ. "ಇಮೊ (ಚಿಕ್ಕಮ್ಮ), ನಿಮ್ಮ ರಾಜ ಜೊಂಗ್‌ಜೊ ತನ್ನ ತಾಯಿಗೆ ಅರವತ್ತಾದಾಗ ಔತಣ ಕೊಡೋಕೆ ಸೋಲ್‌ನಿಂದ ಸುವೊನ್‌ಗೇ ಬಂದಿದ್ದನಲ್ಲ? ನಾನೂ ನಮ್ಮಪ್ಪನನ್ನ ಸುವೊನ್‌ಗೇ ಕರ್ಕೊಂಡು ಬರ್ತಿದೀನಿ" ಅಂದೆ. 1795ರಲ್ಲಿ ಸುವೊನ್‌ನ ಹ್ವಾಸೊಂಗ್ ಅರಮನೆಯಲ್ಲಿ ನಡೆದ ಔತಣ ಅದು. ಯಾವ ತಿಂಡಿ ಬಡಿಸಿದರು, ಎಷ್ಟು ಖರ್ಚಾಯಿತು ಅಂತ ಚಿತ್ರ ಸಮೇತ ಬರೆದಿಟ್ಟಿದ್ದಾರೆ. ಆಕೆ ಕೈಲಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಕ್ಯಾಲೆಂಡರ್ ತೆಗೆದರು.

ಊಟದ ವಿಷಯ. "ಗೋಗಿ ಬೇಡ" ಅಂತಷ್ಟೇ ಹೇಳಿ ಮೋಸ ಹೋಗಬೇಡಿ. ಮಾಂಸ ಬೇಡ ಅಂದರೆ ಹ್ಯಾಮ್ ಹಾಕಿ ತಂದು ಕೊಟ್ಟಿದ್ದು ನನಗೇ ಎರಡು ಸಲ ಆಗಿದೆ. ದ್ವೆಂಜಾಂಗ್ ಅನ್ನೋ ಸೋಯಾ ಸಾರಿನ ತಿಳಿ ಮಾಡೋದೇ ಒಣ ಮೀನಿನಿಂದ, ಕಿಮ್ಚಿಯಲ್ಲಿ ಸೀಗಡಿ ಉಪ್ಪಿನಕಾಯಿ ಇರತ್ತೆ. ಪಟ್ಟಿ ಓದ್ತಾ ಹೋದರೆ ಅವರಿಗೂ ತಲೆನೋವು. ಒಂದೇ ಮಾತು ಹೇಳಿ: "ಜೊಲ್‌ಬಾಪ್", ಬೌದ್ಧ ಗುಡಿಯ ಊಟ. ಮಾಂಸ, ಮೀನು ಅಷ್ಟೇ ಅಲ್ಲ, ಬೆಳ್ಳುಳ್ಳಿ, ಈರುಳ್ಳಿ ಜಾತಿಯೂ ಹೋಗತ್ತೆ. ಅಮ್ಮ ಚಾತುರ್ಮಾಸ್ಯ ಅಂತ ಹೊಟ್ಟೆ ಹಿಡ್ಕೊಂಡು ಬಂದಿದ್ದರು, ಎರಡು ಸಲ ಬಡಿಸಿಕೊಂಡರು. ಉಳಿದವರಿಗೆ ಪಾಜೊನ್ ಅನ್ನೋ ಈರುಳ್ಳಿ ಸೊಪ್ಪಿನ ದೋಸೆ, ಮಕ್ಕಲ್ಲಿ ಅನ್ನೋ ಅಕ್ಕಿ ಮದ್ಯ. ಹೋಟೆಲಾದ್ದರಿಂದ ಅದಕ್ಕೆ ಅಡ್ಡಿ ಇಲ್ಲ.

ಇನ್ನು ಸೌಂಡು. ಬ್ಲೂಟೂತ್ ಹೆಸರೆತ್ತಲಿಲ್ಲ. ಲ್ಯಾಪ್‌ಟಾಪ್‌ನಿಂದ ಟಿವಿಗೆ ಎಚ್‌ಡಿಎಂಐ, ಸಾಹಿತ್ಯ ಮಾತ್ರ. ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಆರ್‌ಸಿಎ ಕೇಬಲ್, ದೈಸೊ ಅಂಗಡಿಯಲ್ಲಿ 3,000 ವಾನ್. ಮೈಕ್ ಅವರದ್ದೇ, ನೇರ ಆಂಪ್ಲಿಫೈಯರಿಗೆ, ಹಾಗಾಗಿ ತಡ ಅನ್ನೋದೇ ಇಲ್ಲ. ಹಚ್ಚಿದೆ, "ಗುಂಯ್" ಅಂತ ಒಂದು ಸದ್ದು, ಯಾವ ಗುಂಡಿ ತಿರುಗಿಸಿದರೂ ನಿಲ್ಲಲ್ಲ. ಹದಿನಾಲ್ಕು ಜನ ನನ್ನ ಮುಖ ನೋಡ್ತಿದ್ದಾರೆ. ಧಾರವಾಡದವನು ಏನೂ ಮಾತಾಡಲಿಲ್ಲ, ಅದೇ ಕಷ್ಟ. ಕೊನೆಗೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ. ನಿಶ್ಶಬ್ದ. ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ, ಅಲ್ಲಿ ಚುಚ್ಚಬೇಡಿ.

ಟ್ರ್ಯಾಕ್‌ಗಳಿಗೆ ಒಂದು ತಿಂಗಳು ರಾತ್ರಿ ಕೂತಿದ್ದೆ. ಯೂಟ್ಯೂಬಿನಲ್ಲಿ ಸಿಗೋ ಕನ್ನಡ ಕರೋಕೆಗೆ ಸಾಹಿತ್ಯ ಬಹಳಷ್ಟು ಸಲ ಇಂಗ್ಲಿಷ್ ಅಕ್ಷರದಲ್ಲಿರತ್ತೆ, ಅಪ್ಪನಿಗೆ ಆಗಲ್ಲ. ಹಾಡಿನಿಂದ ದನಿ, ವಾದ್ಯ ಬೇರ್ಪಡಿಸೋ ಡೆಮಕ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ ಹಾಡುಗಳ ಗಾಯನ ಕಿತ್ತು ನೋಡಿದೆ. ಈಚಿನ ಹಾಡು ಚೆನ್ನಾಗಿ ಬರತ್ತೆ. ಅರವತ್ತರ ದಶಕದವು, ಪಿ.ಬಿ.ಎಸ್. ಹಾಡಿದಂಥವು, ಎಷ್ಟು ಕಿತ್ತರೂ ಹಿಂದೆ ಎಲ್ಲೋ ಬಾವಿಯೊಳಗಿಂದ ಅವರ ದನಿ ಕೇಳತ್ತೆ. ಅದನ್ನು ದೋಷ ಅಂದುಕೊಂಡಿದ್ದೆ. ಅಪ್ಪ ಅದರ ಆಸರೆಯಲ್ಲೇ ಶ್ರುತಿ ಹಿಡಿದರು. ಅಲ್ಲಿಂದ ಬೇಕಂತಲೇ ಸ್ವಲ್ಪ ಉಳಿಸ್ತೀನಿ. ಎಷ್ಟು ಉಳಿಸಬೇಕು, ಯಾವ ಕಡೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ. ಸಾಹಿತ್ಯದ ಸ್ಲೈಡು ನಾನೇ ಮಾಡಿದ್ದು, ಕಪ್ಪು ಹಲಗೆ ಮೇಲೆ ಹಳದಿ ಕನ್ನಡ ಅಕ್ಷರ. ಇಪ್ಪತ್ತೆರಡು ಹಾಡು ತಯಾರಿತ್ತು, ಹಾಡಿದ್ದು ಹದಿನೇಳೋ ಹದಿನೆಂಟೋ.

ಮಧ್ಯೆ ಮಕ್ಕಳು ಅವರ ಮೆಷಿನ್ನಿನ ಅಂಕದ ಆಟ ಶುರು ಮಾಡಿದವು. ಯಾವುದೋ ಟ್ರಾಟ್ (ಹಳೇ ಧಾಟಿಯ ಕೊರಿಯನ್ ಜನಪ್ರಿಯ ಹಾಡು) ಹಚ್ಚಿ ಅದರ ಮೇಲೆ ಕನ್ನಡ ಹಾಡಿದರೂ 90ರ ಮೇಲೆ. ನನಗೆ ಅನುಮಾನ ಬಂತು. ಅದೇ ತಾಳಕ್ಕೆ ಹದಿಮೂರರ ಮಗ್ಗಿ ಹೇಳಿಸಿದೆ: 88. ಅಮ್ಮ ಲಲಿತಾ ಸಹಸ್ರನಾಮದ ನಾಲ್ಕು ಸಾಲು ಹೇಳಿದರು: 95, ತುತ್ತೂರಿ ಸಮೇತ. ಸರಿಯಾಗಿ, ಕೊರಿಯನ್ ಸಾಹಿತ್ಯ ಓದಿಕೊಂಡು ಹಾಡಿದ ನನಗೆ 71.

ಒಂಬತ್ತರ ಹೊತ್ತಿಗೆ ಮಾಲಕಿ ಮೇಲೆ ಬಂದರು. ಕೈಯಲ್ಲಿ ಓಕ್ ಕಾಯಿಯ ಹಿಟ್ಟಿನ ದೊತೊರಿಮುಕ್, ತಟ್ಟೆಯಲ್ಲಿ ನಡುಗ್ತಿತ್ತು. "ಸರ್ವೀಸ್" ಅಂದರು, ಅಂದರೆ ಬಿಟ್ಟಿ. ನನ್ನ ಮಗ ನನ್ನನ್ನ "ಅಪ್ಪಾ" ಅಂದಿದ್ದು ಕೇಳಿ ಗಕ್ಕನೆ ನಿಂತರು. ಕೊರಿಯನ್ನಲ್ಲೂ ಅಪ್ಪನೇ ಅಲ್ಲವಾ. ನಮ್ಮಪ್ಪನ ಎದುರು ಎರಡೂ ಕೈ ಜೋಡಿಸಿ ಮೈಕ್ ಹಿಡಿದು ಒಂದು ಟ್ರಾಟ್ ಹಾಡಿದರು. ಅಪ್ಪನಿಗೆ ಒಂದಕ್ಷರ ಅರ್ಥವಾಗಿಲ್ಲ. "ನಮ್ಮ ಕಾಲದ ಹಾಡಿನ ಧಾಟಿನೇ ಕಣೋ, ಎಲ್ಲಿ ಎಳೀತಾಳೆ ನೋಡು" ಅಂದು ತೊಡೆ ತಟ್ಟಿ ತಾಳ ಹಾಕಿದರು.

ಖರ್ಚು ಹೇಳಿಬಿಡ್ತೀನಿ. ಹದಿನಾಲ್ಕು ಊಟ, ತಲಾ ಹನ್ನೊಂದು ಸಾವಿರದ ಹತ್ತಿರ, ಒಂದೂವರೆ ಲಕ್ಷ ಚಿಲ್ಲರೆ. ಪಾಜೊನ್ ಮೂರು, ಮಕ್ಕಲ್ಲಿ ಏಳೋ ಎಂಟೋ ಬಾಟಲಿ, ಎಲ್ಲ ಸೇರಿ 2,40,000 ವಾನ್ ಒಳಗೆ. ಕೋಣೆಗೆ, ಮೆಷಿನ್ನಿಗೆ ಬಾಡಿಗೆ ಸೊನ್ನೆ. ತಲೆಗೆ ಸಾವಿರದ ಹತ್ತಿರ ರೂಪಾಯಿ ಬಿತ್ತು. ಪಾರ್ಟಿ ರೂಮಿಗೆ ಬರೀ ಬಾಡಿಗೆ ಕೊಟ್ಟವರು ಈಗ ಲೆಕ್ಕ ಹಾಕಿಕೊಳ್ಳಿ.

ಹೋಟೆಲ್ ಹೆಸರು ಕೇಳಿ ಇದುವರೆಗೆ ಹನ್ನೊಂದು ಜನ ಫೋನ್ ಮಾಡಿದ್ದಾರೆ. ಹೇಳಲ್ಲ. ಹದಿಮೂರನೇ ನಂಬರ್ ಬಸ್ಸು ಆ ಕಡೆ ಹೋಗತ್ತೆ, ಅಷ್ಟು ಸಾಕು. ಹೊಟ್ಟೆಕಿಚ್ಚಲ್ಲ, ವಾರಕ್ಕೊಂದು ಗುಂಪು ಹೋಗಿ ಹಾಡಿದರೆ ಆ ಯಮ್ಮನಿಗೆ ದಂಡ ಬೀಳತ್ತೆ. ಧಾರವಾಡದವನಿಗೆ ಮಾತ್ರ ಗೊತ್ತು. ಮುಂದಿನ ಏಪ್ರಿಲ್‌ಗೆ ಅವನ ಅತ್ತೆ ಬರ್ತಾರಂತೆ, ಈಗಲೇ ಕೋಣೆ ಹೇಳಿಡು ಅಂತ ಗಂಟುಬಿದ್ದಿದ್ದಾನೆ. ಅವರಿಗಿನ್ನೂ ಐವತ್ತೇಳು. "ಪಾಸ್‌ಪೋರ್ಟ್ ಏನರ ಕೇಳ್ತಾರೇನಲೇ?" ಅಂತ ದಿನಾ ವಿಚಾರಿಸ್ತಾನೆ.