ಅರಿಜೋನಾದ ಶುಲ್ಕ ಮತ್ತು ಜೇಬಿನಲ್ಲಿ ಉಳಿದ ಹಳೆಯ ಲೈಸೆನ್ಸ್

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಈ ವರ್ಷವೂ ಎರಡು ಕನ್ನಡ ಕುಟುಂಬಗಳು ನಾವು ಬಿದ್ದ ಹಳ್ಳಕ್ಕೇ ಬಿದ್ದವು: ಇಲ್ಲಿ ವಾಸವಿದ್ದೂ ವಿಶ್ವವಿದ್ಯಾಲಯಕ್ಕೆ ಹೊರಗಿನವರ ಶುಲ್ಕ ಕಟ್ಟಿದವು. ಅದಕ್ಕಾಗಿ ಬರೆಯುತ್ತಿದ್ದೇನೆ. ವೀಸಾ, ಪರೀಕ್ಷೆಗಳ ವಿಷಯ ನಿಮಗೆ ಗೊತ್ತೇ ಇದೆ; ನಾನು ಹೇಳುವುದು ಶುಲ್ಕದ ವಿಷಯ, ಮೊದಲು ಅದರ ಹಿನ್ನೆಲೆ.

1885ರಲ್ಲಿ ಅರಿಜೋನಾ ಇನ್ನೂ ರಾಜ್ಯವಾಗಿರಲಿಲ್ಲ. ಟೂಸಾನ್ ಊರಿನವರು ರಾಜಧಾನಿ ಕೇಳಿದರೆ ಶಾಸನಸಭೆ ವಿಶ್ವವಿದ್ಯಾಲಯ ಕೊಟ್ಟಿತು. ಜಾಗ ಕೊಡಲು ಯಾರೂ ಮುಂದೆ ಬರಲಿಲ್ಲ. ಕಡೆಗೆ ಇಬ್ಬರು ಜೂಜುಗಾರರು ಮತ್ತು ಒಬ್ಬ ಮದ್ಯದಂಗಡಿಯವನು 40 ಎಕರೆ ಮರುಭೂಮಿ ಬಿಟ್ಟುಕೊಟ್ಟರು. 1891ರಲ್ಲಿ 32 ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭವಾಯಿತು. ಅದೇ 1885ರಲ್ಲಿ ಟೆಂಪಿ ಎಂಬ ಊರಿಗೆ ಮಂಜೂರಾದ ಶಿಕ್ಷಕರ ತರಬೇತಿ ಶಾಲೆ ಎದ್ದದ್ದು 20 ಎಕರೆ ದನದ ಹುಲ್ಲುಗಾವಲಿನಲ್ಲಿ. 1958ರಲ್ಲಿ ಮತದಾರರೇ ಅದನ್ನು ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಮಾಡಿದರು. ಹೀಗೆ ಊರವರು ಕಟ್ಟಿಕೊಂಡ ಸಂಸ್ಥೆಗಳಿವು. ರಾಜ್ಯದ ಸಂವಿಧಾನವೂ ಇಲ್ಲಿನ ಶಿಕ್ಷಣ ಸಾಧ್ಯವಾದಷ್ಟೂ ಉಚಿತವಾಗಿರಬೇಕು ಎನ್ನುತ್ತದೆ. ಹಾಗಾಗಿಯೇ ರಾಜ್ಯದ ನಿವಾಸಿಗೆ ಒಂದು ಶುಲ್ಕ, ಹೊರಗಿನವರಿಗೆ ಅದರ ಎರಡು ಪಟ್ಟಿಗೂ ಹೆಚ್ಚು.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಎಷ್ಟು ವರ್ಷ ಇದ್ದರೂ ಶುಲ್ಕದ ಲೆಕ್ಕದಲ್ಲಿ ನಿವಾಸಿಯಾಗುವುದಿಲ್ಲ. ಆ ಆಸೆ ಬಿಡಿ. ಎಚ್-1ಬಿ ಎಂಬ ಕೆಲಸದ ವೀಸಾ, ಅವರ ಸಂಗಾತಿ-ಮಕ್ಕಳ ಎಚ್-4 ವೀಸಾದಲ್ಲಿ ಇರುವವರಿಗೆ ದಾರಿಯಿದೆ, ಅಪಾಯ ಇರುವುದೂ ಅಲ್ಲಿಯೇ. ಹನ್ನೆರಡು ತಿಂಗಳು ವಾಸವಿದ್ದರೆ ಸಾಕೆಂದು ನಾವು ನಂಬಿದ್ದೆವು. ಟೆಕ್ಸಾಸಿನಿಂದ ಜುಲೈನಲ್ಲಿ ಬಂದೆವು. ಎಚ್-4ರಲ್ಲಿದ್ದ ನನ್ನ ಹೆಂಡತಿ ಟೆಕ್ಸಾಸಿನ ಡ್ರೈವಿಂಗ್ ಲೈಸೆನ್ಸನ್ನೂ ಕಾರಿನ ನೋಂದಣಿಯನ್ನೂ ಬದಲಿಸಿದ್ದು ಮುಂದಿನ ಮಾರ್ಚ್‌ನಲ್ಲಿ. ಆಗಸ್ಟ್‌ನ ಸೆಮಿಸ್ಟರ್‌ಗೆ ಅರ್ಜಿ ಹಾಕಿದಾಗ, ಮಾರ್ಚ್‌ವರೆಗೆ ನಿಮ್ಮ ನೆಲೆ ಟೆಕ್ಸಾಸೇ ಆಗಿತ್ತು ಎಂದು ತಿರಸ್ಕರಿಸಿದರು. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ಯಾವುದೂ ನಡೆಯಲಿಲ್ಲ. ಜನವರಿಗೂ ಹನ್ನೆರಡು ತಿಂಗಳು ತುಂಬಲಿಲ್ಲ. ಎರಡು ಸೆಮಿಸ್ಟರ್ ಹೊರಗಿನವರ ಶುಲ್ಕ ಕಟ್ಟಿದೆವು. ಮನೆ ಕೊಳ್ಳಲು ಕೂಡಿಟ್ಟ ಹಣ ಅಲ್ಲಿಗೇ ಹೋಯಿತು.

ಈ ವಿಷಯದಲ್ಲಿ ಕರ್ನಾಟಕದ ಪದ್ಧತಿಯೇ ಮೇಲು ಎಂದು ನನಗೆ ಅನ್ನಿಸುತ್ತದೆ. ಸಿಇಟಿಗೆ ಏಳು ವರ್ಷ ರಾಜ್ಯದಲ್ಲಿ ಓದಿದ ಪ್ರಮಾಣಪತ್ರ ತಂದರೆ ಮುಗಿಯಿತು. ಇಲ್ಲಿ ನೀವು ಇದ್ದಿರಿ ಎನ್ನುವುದರ ಜೊತೆಗೆ, ಇಲ್ಲೇ ಇರುವ ಮನಸ್ಸು ಮಾಡಿದ್ದಿರಿ ಎಂದೂ ಕಾಗದದಲ್ಲಿ ತೋರಿಸಬೇಕು.

ಆದ್ದರಿಂದ ಬಂದ ವಾರದಲ್ಲೇ ಲೈಸೆನ್ಸ್ ಬದಲಿಸಿ, ಕಾರಿನ ನೋಂದಣಿಯನ್ನೂ ಇಲ್ಲಿಗೆ ತನ್ನಿ; ಅರಿಜೋನಾದ ಆದಾಯ ತೆರಿಗೆ ಸಲ್ಲಿಸಿ. ಗಂಡನ ಕಾಗದ ಸರಿಯಿದೆ ಎಂದು ಸುಮ್ಮನಿರಬೇಡಿ, ಓದುವವರ ಹೆಸರಿನಲ್ಲೂ ಇರಲಿ. ನಿವಾಸದ ಅರ್ಜಿಗೆ ಪ್ರತಿ ಸೆಮಿಸ್ಟರಿನಲ್ಲೂ ಕೊನೆಯ ದಿನಾಂಕ ಇರುತ್ತದೆ. ಪ್ರವೇಶ ಸಿಕ್ಕ ದಿನವೇ ಅದನ್ನು ಕೇಳಿ ಬರೆದಿಟ್ಟುಕೊಳ್ಳಿ.