ವಿಪಿಎನ್ ಹಾಕುವ ಮೊದಲು ಯಜಮಾನ ಯಾರೆಂದು ನೋಡಿ

ಕಳೆದ ಆಟಿ ತಿಂಗಳಲ್ಲಿ ಮಂಜೇಶ್ವರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅವರು ಮೊಬೈಲನ್ನು ಕೈಗಿಟ್ಟರು. “ಇದು ದೋಸೆ ಕಾವಲಿಯ ಹಾಗೆ ಕಾಯುತ್ತದೆ, ಒಮ್ಮೆ ನೋಡು.” ನೋಡಿದರೆ ಒಳಗೆ, ಇಂಟರ್‌ನೆಟ್ ಓಡಾಟವನ್ನು ಬೇರೊಂದು ಸರ್ವರಿನ ದಾರಿಯಲ್ಲಿ ಮರೆಸಿ ಒಯ್ಯುವ ನಾಲ್ಕು ವಿಪಿಎನ್ ಆ್ಯಪ್‌ಗಳು. ಎರಡಕ್ಕೆ ಗುರಾಣಿಯ ಗುರುತು, ಒಂದಕ್ಕೆ ಬೀಗ, ಇನ್ನೊಂದಕ್ಕೆ ಹಸುರು ಗಿಳಿ. ಗಿಳಿಯನ್ನು ಮುಟ್ಟಿದ ಕೂಡಲೇ ಸಾಲ ಕೊಡುವ ಯಾವುದೋ ಆ್ಯಪ್‌ನ ಜಾಹೀರಾತು. ಅದನ್ನು ಮುಚ್ಚಲು ಮೂಲೆಯಲ್ಲಿ ಗುಣಿಸು ಚಿಹ್ನೆ ಹುಡುಕುವಷ್ಟರಲ್ಲಿ ಎರಡನೆಯದು.

ದುಬೈಯಲ್ಲಿರುವ ಮಗನ ಮುಖ ವಾಟ್ಸ್‌ಆ್ಯಪ್‌ನಲ್ಲಿ ಕಾಣಬೇಕಾದರೆ ಇವು ಬೇಕೆಂದು ಪೇಟೆಯ ಮೊಬೈಲ್ ಅಂಗಡಿಯ ಹುಡುಗ ಹಾಕಿಕೊಟ್ಟಿದ್ದನಂತೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗಳಿಗೆ ನಿರ್ಬಂಧ ಇರುವುದು ನಿಜ. ಆದರೆ ಆ ತಡೆ ಇರುವುದು ಅಲ್ಲಿಯ ಜಾಲದಲ್ಲಿ. ಮಂಜೇಶ್ವರದ ಮೊಬೈಲಿಗೆ ನಾಲ್ಕಲ್ಲ, ನಲವತ್ತು ವಿಪಿಎನ್ ಹಾಕಿದರೂ ದುಬೈಯ ಗೇಟು ತೆರೆಯುವುದಿಲ್ಲ. ಚಿಕ್ಕಮ್ಮನ ಬ್ಯಾಟರಿ ಮತ್ತು ಡೇಟಾ ವರ್ಷವಿಡೀ ದಂಡಕ್ಕೆ ಹೋಗಿದ್ದವು.

ಗಲ್ಫಿನ ನಂಟಿರುವ ನಮ್ಮ ಕಾಸರಗೋಡಿನ ಮನೆಗಳಲ್ಲಿ ವಿಪಿಎನ್ ಎಂಬ ಹೆಸರು ಅಜ್ಜಿಯಂದಿರಿಗೂ ಗೊತ್ತು. ಅದನ್ನು ಆರಿಸುವ ಕ್ರಮ ಮಾತ್ರ ಮೊಮ್ಮಕ್ಕಳಿಗೂ ಗೊತ್ತಿಲ್ಲ. ಪ್ಲೇ ಸ್ಟೋರಿನಲ್ಲಿ ಮೂರಕ್ಷರ ಬರೆದು, ಮೇಲೆ ಕಂಡದ್ದನ್ನು ಒತ್ತಿಬಿಡುತ್ತಾರೆ.

ಮೊದಲು, ಬೇಕೇ ಎಂದು ಕೇಳಿಕೊಳ್ಳಿ

ವಿಪಿಎನ್ ನಿಮ್ಮ ಮೊಬೈಲಿನಿಂದ ಹೊರಡುವುದನ್ನೆಲ್ಲ ಮುಚ್ಚಿದ ಕೊಳವೆಯಲ್ಲಿ ತನ್ನ ಸರ್ವರಿಗೆ ಒಯ್ದು, ಅಲ್ಲಿಂದ ಹೊರಗೆ ಬಿಡುತ್ತದೆ. ನೀವು ನೋಡುವ ಜಾಲತಾಣಕ್ಕೆ ಕಾಣುವುದು ಆ ಸರ್ವರಿನ ವಿಳಾಸ. ನಿಮ್ಮ ಇಂಟರ್‌ನೆಟ್ ಕಂಪನಿಗೆ ನೀವು ಎತ್ತ ಹೋದಿರೆಂದು ತಿಳಿಯುವುದಿಲ್ಲ. ಅದರ ಕೆಲಸ ಅಷ್ಟಕ್ಕೇ ಮುಗಿಯಿತು. ಒಟಿಪಿ ಕೇಳುವ ವಂಚಕನನ್ನು ಅದು ತಡೆಯದು. ಬ್ಯಾಂಕಿನ ತಾಣಕ್ಕೆ ವಿಪಿಎನ್ ಇಲ್ಲದಿದ್ದರೂ ಎಚ್‌ಟಿಟಿಪಿಎಸ್ ಎಂಬ ಬೀಗ ಇದ್ದೇ ಇದೆ. ಹಲವು ಬ್ಯಾಂಕ್ ಆ್ಯಪ್‌ಗಳಂತೂ ವಿಪಿಎನ್ ಕಂಡರೆ ಬಾಗಿಲನ್ನೇ ತೆರೆಯುವುದಿಲ್ಲ.

ಲಾಡ್ಜು, ರೈಲು ನಿಲ್ದಾಣಗಳ ವೈಫೈಯಲ್ಲಿ ಕೆಲಸ ಮಾಡುವವರಿಗೆ, ತಾವು ಓದುವುದನ್ನು ಇಂಟರ್‌ನೆಟ್ ಕಂಪನಿ ನೋಡಬಾರದು ಎನ್ನುವವರಿಗೆ, ವಿದೇಶದಿಂದ ತೆರೆದರೆ ತೆರೆದುಕೊಳ್ಳದ ಭಾರತದ ಕೆಲವು ಸರ್ಕಾರಿ ತಾಣಗಳನ್ನು ನೋಡಬೇಕಾದವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಭಾರತದಲ್ಲಿ ವಿಪಿಎನ್ ಬಳಕೆಯೇ ಅಪರಾಧ ಎಂಬ ದೇಶವ್ಯಾಪಿ ಕಾನೂನು ಇಲ್ಲ. ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಗಾಗ ನಿಷೇಧದ ಆದೇಶ ಹೊರಟದ್ದುಂಟು. ಯುಎಇಯ ಮಾತು ಬೇರೆ. ಅಲ್ಲಿಯ 2021ರ ಸೈಬರ್ ಕಾನೂನಿನ ಪ್ರಕಾರ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಐಪಿ ವಿಳಾಸ (ಇಂಟರ್‌ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಜೈಲೂ ಇದೆ. ಮಗನ ಮುಖ ನೋಡುವ ಆಸೆಗೆ ಅವನನ್ನು ಇದರೊಳಗೆ ಸಿಲುಕಿಸಬೇಡಿ. ಬೋಟಿಮ್‌ನಂತಹ, ಅಲ್ಲಿ ಪರವಾನಗಿ ಇರುವ ಆ್ಯಪ್‌ನಲ್ಲಿ ಮಾತಾಡಿ.

ಪುಕ್ಕಟೆಯ ಲೆಕ್ಕ

ಗಲ್ಫಿಗೆ ಹೊರಟವರ ಕೈಯಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿ ಕಳುಹಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಆದರೆ ವಿಮಾನ ನಿಲ್ದಾಣದಲ್ಲಿ ನಿಂತ ಗುರುತಿಲ್ಲದವನ ಕೈಗೆ ಯಾರೂ ಗಂಟು ಕೊಡುವುದಿಲ್ಲ. ವಿಪಿಎನ್ ಹಾಕುವುದೆಂದರೆ ಜಿಯೋ, ಏರ್‌ಟೆಲ್, ಕೆ-ಫೋನ್‌ನವರ ಕಣ್ಣು ತಪ್ಪಿಸಿ ಗಂಟನ್ನು ಮೂರನೆಯವನ ಕೈಗೆ ಕೊಡುವುದು. ಅವನು ಗಂಟು ಬಿಚ್ಚದಿದ್ದರೂ ಅದು ಯಾರ ಯಾರ ಮನೆಗೆ ಹೋಯಿತೆಂದು ಅವನಿಗೆ ಗೊತ್ತಿರುತ್ತದೆ. ಸರ್ವರಿಗೆ ಬಾಡಿಗೆ ಇದೆ, ಕೆಲಸದವರಿಗೆ ಸಂಬಳ ಇದೆ. ನಿಮ್ಮಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳದವನು ಆ ಹಣವನ್ನು ಎಲ್ಲಿಂದ ತರುತ್ತಾನೆ?

2016ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಸಂಶೋಧಕರು ಸಹೋದ್ಯೋಗಿಗಳೊಂದಿಗೆ 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಶೇ 38ರಲ್ಲಿ ದುರುದ್ದೇಶದ ತಂತ್ರಾಂಶದ ಸುಳಿವು ಸಿಕ್ಕಿತು. ಶೇ 18 ಆ್ಯಪ್‌ಗಳಲ್ಲಿ ಎನ್‌ಕ್ರಿಪ್ಷನ್ನೇ, ಅಂದರೆ ಬೇರೆಯವರು ಓದದಂತೆ ಮಾಡುವ ಗುಪ್ತಲಿಪಿಯೇ ಇರಲಿಲ್ಲ. ಕೊಳವೆ ಇತ್ತು, ಮುಚ್ಚಳ ಇರಲಿಲ್ಲ. ಇದಕ್ಕಿಂತ ಕೆಟ್ಟದ್ದೂ ಇದೆ. 2024ರ ಮೇಯಲ್ಲಿ ಅಮೆರಿಕದ ನ್ಯಾಯ ಇಲಾಖೆ 911 ಎಸ್5 ಎಂಬ ಜಾಲವನ್ನು ಮುಚ್ಚಿಸಿತು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್‌ನಂತಹ ಪುಕ್ಕಟೆ ವಿಪಿಎನ್‌ಗಳನ್ನು ಹಾಕಿಕೊಂಡವರ ಕಂಪ್ಯೂಟರುಗಳನ್ನೇ ದಾರಿ ಮಾಡಿಕೊಂಡು ವಂಚಕರು ಓಡಾಡುತ್ತಿದ್ದರು. ಸಿಕ್ಕಿಬಿದ್ದ ಐಪಿ ವಿಳಾಸಗಳು ಸುಮಾರು 1.9 ಕೋಟಿ. ಅಂದರೆ ಇಲ್ಲಿ ನಿಮ್ಮ ಗಂಟನ್ನು ಅವರು ಒಯ್ದದ್ದಲ್ಲ, ಅವರ ಗಂಟನ್ನು ನಿಮ್ಮ ಚೀಲಕ್ಕೆ ತುರುಕಿದ್ದು. ಪೊಲೀಸರು ಹುಡುಕಿಕೊಂಡು ಬರುವುದು ಚೀಲದ ಮೇಲಿನ ವಿಳಾಸಕ್ಕೆ.

ಪುಕ್ಕಟೆಯೇ ಬೇಕೆಂದರೆ ನಾನು ಹೇಳುವುದು ಪ್ರೋಟಾನ್ ಎಂಬ ವಿಪಿಎನ್ ಒಂದನ್ನೇ. ಹಣ ಕೊಡುವ ಗ್ರಾಹಕರಿಂದ ಅದರ ಖರ್ಚು ನಡೆಯುತ್ತದೆ. ಉಚಿತ ಯೋಜನೆಯಲ್ಲಿ ಜಾಹೀರಾತು ಇಲ್ಲ, ಡೇಟಾ ಮಿತಿ ಇಲ್ಲ. ಒಂದೇ ಸಾಧನಕ್ಕೆ ಸಿಗುತ್ತದೆ, ದೇಶವನ್ನು ನೀವು ಆರಿಸುವ ಹಾಗಿಲ್ಲ. ತಿಂಗಳಿಗೆ ನಾಲ್ಕು ಸಲ ಬಳಸುವವರಿಗೆ ಅದು ಧಾರಾಳವಾಯಿತು. ಅಂಥವರು ಹಣದ ಭಾಗವನ್ನು ಬಿಟ್ಟು ಕೊನೆಯ ಭಾಗಕ್ಕೆ ಹೋಗಬಹುದು.

ಯಜಮಾನನನ್ನು ಹುಡುಕುವುದು

ಎಡವುವುದು ಇಲ್ಲೇ. ಅರ್ಧ ಗಂಟೆ ಬೇಕು, ಮೊಬೈಲಿನಲ್ಲಿ ಆಗುವುದಿಲ್ಲ, ಕಂಪ್ಯೂಟರಿನಲ್ಲಿ ಕುಳಿತು ಮಾಡಿ.

ಮೊದಲಿಗೆ ಪ್ಲೇ ಸ್ಟೋರಿನ ಪುಟದಲ್ಲಿ ಕೆಳಗೆ ಇಳಿದು ಆ್ಯಪ್ ಮಾಡಿದವರ ಹೆಸರು, ವಿಳಾಸ, ಮಿಂಚಂಚೆ ನೋಡಿ. ಚಿಕ್ಕಮ್ಮನ ಗಿಳಿಗೆ ಇದ್ದದ್ದು ಒಂದು ಜಿಮೇಲ್ ವಿಳಾಸ ಮಾತ್ರ. ಪ್ರೈವೆಸಿ ಪಾಲಿಸಿ ಎಂಬಲ್ಲಿ ಒತ್ತಿದರೆ ಪುಕ್ಕಟೆ ಬ್ಲಾಗಿನ ಒಂದು ಪುಟ ತೆರೆಯಿತು. ಮೇಲೆ ದಪ್ಪಕ್ಷರದಲ್ಲಿ “ನಾವು ಯಾವ ದಾಖಲೆಯನ್ನೂ ಇಡುವುದಿಲ್ಲ” ಎಂದಿತ್ತು. ಏಳನೆಯ ಪ್ಯಾರಾಕ್ಕೆ ಬಂದಾಗ ಸಂಪರ್ಕದ ಸಮಯ, ಐಪಿ ವಿಳಾಸ, ಮೊಬೈಲಿನ ಗುರುತು ಸಂಖ್ಯೆಗಳನ್ನು “ಪಾಲುದಾರರೊಂದಿಗೆ” ಹಂಚಿಕೊಳ್ಳುತ್ತೇವೆ ಎಂದಿತ್ತು. ಎಂಥ ಪಾಲುದಾರರು, ಎಷ್ಟು ಮಂದಿ, ಯಾವ ದೇಶದವರು? ಒಂದು ಸಾಲೂ ಇಲ್ಲ. ಇನ್ನೊಂದು ಆ್ಯಪ್‌ನ ಪಾಲಿಸಿಯಲ್ಲಿ ಬೇರೆ ಯಾವುದೋ ಆ್ಯಪ್‌ನ ಹೆಸರೇ ಉಳಿದಿತ್ತು. ನಕಲು ಹೊಡೆದವರು ಹೆಸರು ಬದಲಿಸಲೂ ಮರೆತಿದ್ದರು.

ಹಾಗಾಗಿ ಪಾಲಿಸಿಯನ್ನು ಮೇಲಿನಿಂದ ಓದಬೇಡಿ. ಪುಟದಲ್ಲಿ ಹುಡುಕುವ ಸೌಲಭ್ಯ ಬಳಸಿ ಐಪಿ, ಟೈಮ್‌ಸ್ಟ್ಯಾಂಪ್, ಪಾರ್ಟ್‌ನರ್ಸ್ ಎಂಬ ಮೂರು ಪದಗಳನ್ನು ಇಂಗ್ಲಿಷಿನಲ್ಲಿ ಬರೆದು ಹುಡುಕಿ, ಅವು ಬರುವ ಸಾಲುಗಳನ್ನು ಮಾತ್ರ ಓದಿ. ನೀವು ಏನು ನೋಡಿದಿರಿ ಎಂಬ ದಾಖಲೆ ಒಂದು, ಯಾವಾಗ ಎಲ್ಲಿಂದ ಸೇರಿಕೊಂಡಿರಿ ಎಂಬ ದಾಖಲೆ ಇನ್ನೊಂದು. ಮೊದಲನೆಯದು ಇಲ್ಲ ಎಂದು ಡಂಗುರ ಹೊಡೆದು ಎರಡನೆಯದನ್ನು ಸದ್ದಿಲ್ಲದೆ ಇಟ್ಟುಕೊಳ್ಳುವವರು ಇದ್ದಾರೆ.

ಬರೆದುಕೊಂಡದ್ದು ನಿಜವೇ ಎಂಬುದು ಮುಂದಿನ ಪ್ರಶ್ನೆ. 2020ರಲ್ಲಿ ಯುಎಫ್‌ಒ ವಿಪಿಎನ್ ಸೇರಿ ಹಾಂಗ್‌ಕಾಂಗ್ ಮೂಲದ ಏಳು ಸೇವೆಗಳ ದತ್ತಾಂಶ ಬೀಗವಿಲ್ಲದ ಸರ್ವರಿನಲ್ಲಿ ಬಿದ್ದಿರುವುದು ಪತ್ತೆಯಾಯಿತು. ದಾಖಲೆ ಇಡುವುದಿಲ್ಲ ಎಂದು ಹೇಳಿಕೊಂಡವರು ಅವರೂ ಹೌದು. ಇನ್ನೊಂದು ಬದಿಗೆ, 2023ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಪೊಲೀಸರು ಮುಲ್‌ವಾಡ್ ಎಂಬ ವಿಪಿಎನ್‌ನ ಕಚೇರಿಗೆ ಶೋಧದ ಆದೇಶ ಹಿಡಿದು ಹೋಗಿ ಬರಿಗೈಯಲ್ಲಿ ಹಿಂದಿರುಗಿದರು. ತೆಗೆದುಕೊಂಡು ಹೋಗಲು ಗ್ರಾಹಕರ ದಾಖಲೆಯೇ ಇರಲಿಲ್ಲ. ನಾನು ಯಾವ ಜಾಹೀರಾತಿಗಿಂತಲೂ ಹೆಚ್ಚು ನಂಬುವುದು ಇಂತಹ ಘಟನೆಯನ್ನು. ಅದು ಸಿಗದಿದ್ದರೆ ಹೊರಗಿನವರು ಮಾಡಿದ ಆಡಿಟ್ ವರದಿ ಇದೆಯೇ, ಯಾವ ವರ್ಷದ್ದು, ಪೂರ್ತಿ ಓದಲು ಕೊಡುತ್ತಾರೆಯೇ ನೋಡಿ. ಐದು ವರ್ಷ ಹಿಂದಿನ ಆಡಿಟ್ ಎಂದರೆ ಹಳೆಯ ಪಂಚಾಂಗ.

ವಿಮರ್ಶೆಯ ತಾಣಗಳನ್ನು ಓದಿ ಆರಿಸುತ್ತೇನೆ ಎನ್ನುವವರಿಗೆ ಒಂದು ಮಾತು. ಎಕ್ಸ್‌ಪ್ರೆಸ್‌ವಿಪಿಎನ್, ಸೈಬರ್‌ಘೋಸ್ಟ್, ಪ್ರೈವೇಟ್ ಇಂಟರ್‌ನೆಟ್ ಆ್ಯಕ್ಸೆಸ್ ಮೂರರ ಒಡೆತನ ಕೇಪ್ ಟೆಕ್ನಾಲಜೀಸ್ ಎಂಬ ಒಂದೇ ಕಂಪನಿಯದ್ದು. 2021ರಲ್ಲಿ ಅದೇ ಕಂಪನಿ ವಿಪಿಎನ್‌ಮೆಂಟರ್ ಎಂಬ ವಿಮರ್ಶೆಯ ತಾಣವನ್ನು ನಡೆಸುವ ಸಂಸ್ಥೆಯನ್ನೂ ಕೊಂಡುಕೊಂಡಿತು. ಮದುಮಗನ ಗುಣವನ್ನು ಅವನ ಸೋದರಮಾವನ ಬಾಯಿಯಿಂದ ಕೇಳಿದಂತಾಯಿತು. ಆ ಸೇವೆಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಹತ್ತರ ಪಟ್ಟಿಯಲ್ಲಿ ಒಂದನೆಯ ಸ್ಥಾನ ಯಾರಿಗೆ ಏಕೆ ಸಿಕ್ಕಿತು ಎಂದು ತಿಳಿದುಕೊಂಡು ಓದಿ.

ಕಂಪನಿ ಭಾರತದ್ದಾದರೆ ಸುರಕ್ಷಿತವೇ ಎಂದು ಕೇಳಿದವರಿದ್ದಾರೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಮುಂತಾದ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಕಂಪನಿಗಳಿಗೆ ಕೊಡುವ ಕಚೇರಿ ವಿಪಿಎನ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಈ ನಿಯಮ ಬಂದ ಮೇಲೆ ಎಕ್ಸ್‌ಪ್ರೆಸ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಎಲ್ಲವೂ ಇಲ್ಲಿಯ ಸರ್ವರುಗಳನ್ನು ತೆಗೆದವು. ಇಂಥ ಸೇವೆಗಳಲ್ಲಿ “ಇಂಡಿಯಾ” ಎಂದು ತೋರಿಸುವ ಸರ್ವರು ಸಾಮಾನ್ಯವಾಗಿ ಸಿಂಗಪುರದಂತಹ ಬೇರೆ ಊರಿನಲ್ಲಿ ಕುಳಿತು ಭಾರತದ ವಿಳಾಸ ಕೊಡುತ್ತದೆ. ಗಲ್ಫಿನಿಂದ ನಮ್ಮ ಸರ್ಕಾರಿ ತಾಣ ತೆರೆಯಬೇಕಾದವರು ಚಂದಾ ಕಟ್ಟುವ ಮೊದಲು ಇಂಡಿಯಾ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಮುಲ್‌ವಾಡ್‌ನ ಪಟ್ಟಿ ಚಿಕ್ಕದು, ಅಂಥವರಿಗೆ ಅದು ಹೊಂದದು.

ಹಣದ ಮಾತು

ದೊಡ್ಡ ಅಕ್ಷರದಲ್ಲಿ ಕಾಣುವ ತಿಂಗಳ ದರ ಎರಡು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ಸಿಗುವ ದರ. ಅವಧಿ ಮುಗಿದ ಮೇಲಿನ ದರವನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಎಷ್ಟೋ ಕಡೆ ಅದು ಎರಡು ಪಟ್ಟಿಗೂ ಮಿಕ್ಕಿರುತ್ತದೆ. ತೆರಿಗೆ ಬೇರೆ ಸೇರಬಹುದು. ಗಡಿಯಾರ ಹಿಂದಕ್ಕೆ ಓಡುತ್ತಾ “ಇನ್ನು 14 ನಿಮಿಷ ಮಾತ್ರ” ಎಂದು ಹೆದರಿಸಿದರೆ ಪುಟವನ್ನು ಮುಚ್ಚಿ ಮರುದಿನ ತೆರೆಯಿರಿ. ಗಡಿಯಾರ ಪುನಃ 14 ನಿಮಿಷದಿಂದಲೇ ಓಡುತ್ತಿರುತ್ತದೆ.

ಮೊದಲ ತಿಂಗಳಿಗೆ ಮಾತ್ರ ಹಣ ಕಟ್ಟಿ, ಸ್ವಲ್ಪ ದುಬಾರಿಯಾದರೂ ಸರಿ. ಹಿಡಿಸಿದರೆ ಒಂದು ವರ್ಷಕ್ಕೆ ತೆಗೆದುಕೊಳ್ಳಿ. ಅದಕ್ಕಿಂತ ಹೆಚ್ಚು ಬೇಡ, ಅಷ್ಟರಲ್ಲಿ ಕಂಪನಿ ಯಾರ ಕೈಗೆ ಹೋಗಿರುತ್ತದೋ. ಮುಲ್‌ವಾಡ್‌ನದು ತಿಂಗಳಿಗೆ 5 ಯೂರೋ, ಅಂದರೆ ಸುಮಾರು 500 ರೂಪಾಯಿ. ಒಂದು ತಿಂಗಳಿಗೂ ಹನ್ನೆರಡು ತಿಂಗಳಿಗೂ ಅದೇ ದರ, ಮಿಂಚಂಚೆ ವಿಳಾಸವನ್ನೂ ಕೇಳುವುದಿಲ್ಲ. ಐದು ಸಾಧನಗಳಿಗೆ ಸಾಕಾಗುವುದರಿಂದ ಮನೆಯವರಲ್ಲಿ ಹಂಚಿದರೆ ತಲೆಗೆ 100 ರೂಪಾಯಿ.

ಜೀವಮಾನದ ಚಂದಾ ಎಂದರೆ ಓಡಿ. 2025ರಲ್ಲಿ ವಿಪಿಎನ್‌ಸೆಕ್ಯೂರ್ ಎಂಬ ಸೇವೆಯ ಹೊಸ ಮಾಲೀಕರು ಹಿಂದಿನವರು ಮಾರಿದ್ದ ಜೀವಮಾನದ ಚಂದಾಗಳನ್ನೆಲ್ಲ ರದ್ದುಮಾಡಿದರು.

ಕಂಪನಿಯ ತಾಣದಲ್ಲೇ ಹಣ ಕಟ್ಟಿ. 30 ದಿನದೊಳಗೆ ಹಣ ವಾಪಸು ಎಂಬ ಭರವಸೆ ಪ್ಲೇ ಸ್ಟೋರಿನ ಮೂಲಕ ಕಟ್ಟಿದವರಿಗೆ ಹಲವು ಬಾರಿ ಅನ್ವಯಿಸುವುದಿಲ್ಲ, ಅಲ್ಲಿ ಅಂಗಡಿಯವರ ನಿಯಮವೇ ನಡೆಯುತ್ತದೆ. ಹಣ ಕಟ್ಟಿದ ದಿನವೇ ಸ್ವಯಂ ನವೀಕರಣವನ್ನು ನಿಲ್ಲಿಸಿ. ಕಟ್ಟಿದ ಅವಧಿ ಅದರಿಂದ ಕಡಿಮೆಯಾಗುವುದಿಲ್ಲ.

ಹಾಕಿದ ಮೇಲೆ ಸೋರುತ್ತದೆಯೇ ನೋಡಿ

ಹಾಕುವುದು ಸುಲಭ: ಕಂಪನಿಯ ತಾಣದಿಂದಲೇ ಆ್ಯಪ್‌ನ ಕೊಂಡಿ ಹಿಡಿದು ಹೋಗಿ, ಸಿಂಗಪುರದಂತಹ ಹತ್ತಿರದ ಸರ್ವರು ಆರಿಸಿ, ಕೊಳವೆ ಕಟ್ಟುವ ವಿಧಾನಗಳಲ್ಲಿ ವೈರ್‌ಗಾರ್ಡ್ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಪಿಪಿಟಿಪಿ ಎಂಬ ಹಳೆಯ, ದುರ್ಬಲ ವಿಧಾನವನ್ನು ಈಗಲೂ ಕೊಡುವವರಿದ್ದರೆ ಅವರನ್ನೇ ಬಿಟ್ಟುಬಿಡಿ.

ಬಳಿಕ ಸೋರಿಕೆಯ ಪರೀಕ್ಷೆ. ವೈಫೈ ಬಂದ್ ಮಾಡಿ ಮೊಬೈಲ್ ಡೇಟಾದಲ್ಲೇ ಮಾಡಿ. ಡಿಎನ್‌ಎಸ್ ಲೀಕ್ ಟೆಸ್ಟ್ ಎಂದು ಹುಡುಕಿದರೆ ಪರೀಕ್ಷಿಸುವ ತಾಣಗಳು ಸಿಗುತ್ತವೆ. ಫಲಿತಾಂಶದಲ್ಲಿ ನಿಮ್ಮ ಸಿಮ್ಮಿನ ಕಂಪನಿಯ ಹೆಸರು ಒಂದು ಕಡೆ ಕಂಡರೂ ಕೊಳವೆ ಸೋರುತ್ತಿದೆ ಎಂದರ್ಥ. ನಾನು ಮೊದಲು ಹಣ ಕೊಟ್ಟು ತೆಗೆದುಕೊಂಡ ಸೇವೆ ಮನೆಯ ವೈಫೈಯಲ್ಲಿ ಪಾಸಾಯಿತು, ಜಿಯೋ ಸಿಮ್ಮಿನಲ್ಲಿ ಫೇಲಾಯಿತು. ಜಿಯೋ ನಡೆಯುವುದು ಹೆಚ್ಚಾಗಿ ಐಪಿವಿ6 ಎಂಬ ಹೊಸ ಬಗೆಯ ಐಪಿ ವಿಳಾಸಗಳಲ್ಲಿ; ಆ ಆ್ಯಪ್ ಐಪಿವಿ4 ಎಂಬ ಹಳೆಯ ಬಗೆಯನ್ನು ಮಾತ್ರ ಮುಚ್ಚುತ್ತಿತ್ತು. ಪರದೆಯ ಚಿತ್ರ ತೆಗೆದು ಕಳುಹಿಸಿದೆ, ಒಂಬತ್ತನೆಯ ದಿನ ಹಣ ವಾಪಸು ಬಂತು. ವರ್ಷದ ಚಂದಾ ಕಟ್ಟಿರಲಿಲ್ಲವಾದ್ದರಿಂದ ಎದೆ ಹೊಡೆದುಕೊಳ್ಳಲಿಲ್ಲ.

ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಎಂಬಲ್ಲಿಗೆ ಹೋಗಿ, ಹೆಸರಿನ ಪಕ್ಕದ ಹಲ್ಲುಚಕ್ರವನ್ನು ಒತ್ತಿದರೆ ಎರಡು ಗುಂಡಿಗಳಿವೆ. ಒಂದು ಸದಾ ಚಾಲೂ ಇಡುವುದಕ್ಕೆ, ಇನ್ನೊಂದು ವಿಪಿಎನ್ ಕಡಿದಾಗ ಇಂಟರ್‌ನೆಟ್ಟನ್ನೇ ತಡೆಯುವುದಕ್ಕೆ. ಎರಡನ್ನೂ ಹಾಕಿ. ಬ್ಯಾಂಕ್ ಆ್ಯಪ್ ಹಟ ಹಿಡಿದಾಗ ಮಾತ್ರ ತೆಗೆಯಿರಿ, ಕೆಲಸ ಮುಗಿದ ಕೂಡಲೇ ಪುನಃ ಹಾಕಿ.

ಹಳೆಯದನ್ನು ತೆಗೆಯುವಾಗಲೂ ಇದೇ ಪುಟಕ್ಕೆ ಬನ್ನಿ. ಚಿಕ್ಕಮ್ಮನ ಮೊಬೈಲಿನಿಂದ ನಾಲ್ಕು ಆ್ಯಪ್‌ಗಳನ್ನೂ ಅಳಿಸಿದ ಮೇಲೆ ಇಲ್ಲಿ ನೋಡಿದರೆ, ಯಾರೋ ಕೈಯಿಂದ ಸೇರಿಸಿದ್ದ ಐದನೆಯ ಸಂಪರ್ಕವೊಂದು ಸುಮ್ಮನೆ ಕುಳಿತಿತ್ತು. ಆ್ಯಪ್ ಅಳಿಸಿದರೆ ಅಂಥದ್ದು ಹೋಗುವುದಿಲ್ಲ. ಹಲ್ಲುಚಕ್ರ ಒತ್ತಿ, ಫರ್ಗೆಟ್ ಎಂಬುದನ್ನು ಆರಿಸಬೇಕು.